ಎಂಬಿಎ ಪ್ರಾಜೆಕ್ಟ್ ಪಕ್ಕದ ಅಂಗಡಿಯಲ್ಲೇ ನಡೆಯಲಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಹಾಗೂ
ರಾಜ್ಯದ ವಿಶ್ವವಿದ್ಯಾಲಯಗಳ ವಾಣಿಜ್ಯಶಾಸ್ತ್ರ ಮತ್ತು ಮ್ಯಾನೇಜ್‌ಮೆಂಟ್ ಅಧ್ಯಯನ ಮಂಡಳಿಗಳ ಅಧ್ಯಕ್ಷರು ಮತ್ತು ಸದಸ್ಯರು

ವಿಷಯ: ಎಂಬಿಎ, ಎಂ.ಕಾಂ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೆಲಸವನ್ನು ಸಣ್ಣ ವರ್ತಕರ ನೆರವಿಗೆ ಬಳಸಲು ಅವಕಾಶ ಕೋರಿ

ಮಾನ್ಯರೇ,

ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಎಂಬಿಎ ಎರಡನೇ ವರ್ಷದಲ್ಲಿದ್ದೇನೆ. ಹಾಸನ ಜಿಲ್ಲೆಯವಳು. ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲೇ ಬಿ.ಕಾಂ. ಮುಗಿಸಿ, ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಇಲ್ಲಿಗೆ ಬಂದೆ. ಬೆಳಿಗ್ಗೆ ಪಿ.ಜಿ.ಯಲ್ಲಿ ಚಿತ್ರಾನ್ನವೋ ಉಪ್ಪಿಟ್ಟೋ ತಿಂದು ಬಸ್ಸು ಹಿಡಿದರೆ ಸಂಜೆಯವರೆಗೆ ತರಗತಿ, ಪ್ರೆಸೆಂಟೇಶನ್, ಅಸೈನ್‌ಮೆಂಟ್. ಬಿಡುವಿನಲ್ಲಿ ಲೈಬ್ರರಿಯಲ್ಲಿ ಕನ್ನಡ ಪತ್ರಿಕೆಗಳನ್ನೂ ಇಂಗ್ಲಿಷ್‌ನ ವಾಣಿಜ್ಯ ಪತ್ರಿಕೆಯನ್ನೂ ಓದುತ್ತೇನೆ. ಫೈನಾನ್ಸ್ ನನ್ನ ಮುಖ್ಯ ವಿಷಯವಾದ್ದರಿಂದ ರೆಪೊ ದರ, ಜಿಎಸ್‌ಟಿ ಮಂಡಳಿಯ ಸಭೆ, ಷೇರು ಪೇಟೆಯ ಸುದ್ದಿಗಳನ್ನು ತಪ್ಪಿಸುವುದಿಲ್ಲ. ಈ ವರ್ಷ ಓದಿದ ಸುದ್ದಿಗಳಲ್ಲಿ ಒಂದು ಮಾತ್ರ ನನ್ನನ್ನು ಬಿಡುತ್ತಿಲ್ಲ. ನಾವು ಕಲಿಯುತ್ತಿರುವುದಕ್ಕೂ ನಮ್ಮ ಬೀದಿಗೆ ಬೇಕಾಗಿರುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಅದು ತೋರಿಸಿತು. ಆ ದೂರವನ್ನು ಕಡಿಮೆ ಮಾಡುವ ಅಧಿಕಾರ ತಮ್ಮ ಕೈಯಲ್ಲಿ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

2025ರ ಜುಲೈ ತಿಂಗಳು ತಮಗೂ ನೆನಪಿರುತ್ತದೆ. 2021-22ರಿಂದ 2024-25ರವರೆಗೆ ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ನೋಂದಣಿ ಇಲ್ಲ, ತೆರಿಗೆ ಕಟ್ಟಿಲ್ಲ ಎಂದು ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿ, ಎಲ್ಲ ಬಗೆಯವರೂ ಅದರಲ್ಲಿದ್ದರು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಬೀದಿಬೀದಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತುಹಾಕಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಬರೆದ ಕಾಗದಗಳು ಅಂಟಿಕೊಂಡವು. ಹಾಲು ಮಾರುವುದಿಲ್ಲ, ಅಂಗಡಿ ಮುಚ್ಚುತ್ತೇವೆ ಎಂದು ವರ್ತಕರು ಪ್ರತಿಭಟನೆಗೆ ಇಳಿದರು. ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಆಗಬೇಕಾದವರು ಆಗಲೇಬೇಕು ಎಂದ ಮೇಲೆ ಗದ್ದಲ ತಣ್ಣಗಾಯಿತು.

ಆ ದಿನಗಳಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಸುದ್ದಿ ಎಲ್ಲ ಕಡೆ ಬಂತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಯುಪಿಐ ವಹಿವಾಟು, ಅದಕ್ಕೆ ಸುಮಾರು 29 ಲಕ್ಷ ರೂಪಾಯಿಯ ನೋಟಿಸ್. ಪತ್ರಿಕೆ ಓದಿದವರೆಲ್ಲ ‘ತರಕಾರಿಯವನ ಹತ್ತಿರ ಕೋಟಿ ಇದೆಯಾ’ ಎಂದು ಬೆರಗಾದರು. ನಾನು ಆ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿ ನೋಡಿದೆ. ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 40.75 ಲಕ್ಷ, ದಿನಕ್ಕೆ ಸುಮಾರು 11 ಸಾವಿರ ಮಾರಾಟ. ಲಾಭವಲ್ಲ, ಮಾರಾಟ. ರೈತರಿಂದ ತಂದು ಮಾರುವ ತರಕಾರಿ ಅಂಗಡಿಗೆ ಅದು ನಂಬಲಾಗದ ಮೊತ್ತವೇನೂ ಅಲ್ಲ. 29 ಲಕ್ಷ ಎಂಬುದು ಒಟ್ಟು ಮೊತ್ತದ ಹೆಚ್ಚುಕಡಿಮೆ ಶೇ 18. ಎಂದರೆ ಬಂದ ಹಣವನ್ನೆಲ್ಲ ತೆರಿಗೆ ಬೀಳುವ ಮಾರಾಟ ಎಂದು ಹಿಡಿದು ಲೆಕ್ಕ ಹಾಕಿದಂತೆ ಕಾಣುತ್ತದೆ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರು, ವಹಿವಾಟು ಎಷ್ಟೇ ಇರಲಿ, ನೋಂದಣಿ ಮಾಡಿಸಬೇಕಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 23ನೇ ಕಲಮು ಹೇಳುತ್ತದೆ. ನಮ್ಮ ಪರೋಕ್ಷ ತೆರಿಗೆ ವಿಷಯದ ಆರಂಭದ ಪಾಠಗಳಲ್ಲೇ ಇದು ಬರುತ್ತದೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆಯುತ್ತೇವೆ. ಬರೆಯಬಲ್ಲವರು ರಾಜ್ಯದ ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಆದರೆ ನೋಟಿಸ್ ಹಿಡಿದು ಕೂತ ವ್ಯಾಪಾರಿಯ ಬಳಿ ಅವರಲ್ಲಿ ಒಬ್ಬರನ್ನಾದರೂ ಕಳಿಸುವ ದಾರಿ ನಮ್ಮ ವ್ಯವಸ್ಥೆಯಲ್ಲಿ ಇರಲಿಲ್ಲ.

ನಮ್ಮ ಪಿ.ಜಿ. ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯ ಅಣ್ಣನಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಹೆದರಿ ಕ್ಯೂಆರ್ ಬೋರ್ಡ್ ತೆಗೆದು ಒಳಗಿಟ್ಟಿದ್ದರು. ಒಂದು ಸಂಜೆ ಹಾಲು ತರಲು ಹೋದಾಗ, “ನೀನು ಎಂಬಿಎ ಓದ್ತಾ ಇದ್ದೀಯಲ್ಲಮ್ಮ, ನನಗೂ ಬರುತ್ತಾ ಇದು? ಸ್ವಲ್ಪ ನೋಡಿ ಹೇಳು” ಎಂದರು. ಆಮೇಲೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಅವರ ಜೊತೆ, ಅಂಗಡಿಯ ಅಕ್ಕನ ಜೊತೆ ಕೂತು ಬ್ಯಾಂಕ್ ಸ್ಟೇಟ್‌ಮೆಂಟನ್ನು ಸಾಲು ಸಾಲಾಗಿ ನೋಡಿದೆವು. ಮಾನ್ಯರೇ, ಆ ಸ್ಟೇಟ್‌ಮೆಂಟ್ ಕಲಿಸಿದಷ್ಟು ಪಾಠವನ್ನು ಯಾವ ಕೇಸ್ ಸ್ಟಡಿಯೂ ನನಗೆ ಕಲಿಸಿಲ್ಲ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ ಹಣವಲ್ಲ. ಅದರಲ್ಲಿ ಚೀಟಿ ಎತ್ತಿದ ಹಣವಿತ್ತು, ಊರಿಂದ ತಮ್ಮ ಕಳಿಸಿದ್ದಿತ್ತು, ಪಕ್ಕದ ಮೆಕ್ಯಾನಿಕ್‌ಗೆ ನಗದು ಕೊಟ್ಟು ಫೋನಿಗೆ ಹಾಕಿಸಿಕೊಂಡದ್ದಿತ್ತು. ಮೊಬೈಲ್ ರೀಚಾರ್ಜ್ ಮಾಡಿದರೆ ಪೂರ್ತಿ ಮೊತ್ತ ಖಾತೆಗೆ ಬರುತ್ತದೆ, ಅಂಗಡಿಯವರಿಗೆ ಉಳಿಯುವುದು ಕಮಿಷನ್ ಮಾತ್ರ. ಇನ್ನು ನಿಜವಾದ ಮಾರಾಟದಲ್ಲೂ ಒಂದೊಂದಕ್ಕೆ ಒಂದೊಂದು ದರ. ಪ್ಯಾಕೆಟ್ ಹಾಲಿಗೆ ತೆರಿಗೆ ಇಲ್ಲ. ಪ್ಯಾಕೆಟ್ ಮೊಸರಿಗೆ 2022ರ ಜುಲೈ 18ರಿಂದ ಶೇ 5. ಬ್ರೆಡ್ಡಿಗೆ ಇಲ್ಲ, ಕೇಕಿಗೆ, ಬಿಸ್ಕತ್ತಿಗೆ ಆಗ ಶೇ 18 ಇತ್ತು. ಬಾಳೆಹಣ್ಣಿಗೆ ಇಲ್ಲ, ಬಾಳೆಕಾಯಿ ಚಿಪ್ಸಿಗೆ ಇದೆ. ಮೂಟೆಯಿಂದ ಅಳೆದು ಕೊಟ್ಟ ಅಕ್ಕಿಗೆ ಇಲ್ಲ, ಬ್ರ್ಯಾಂಡ್ ಲೇಬಲ್ಲಿನ ಹತ್ತು ಕೆಜಿ ಚೀಲಕ್ಕೆ ಇದೆ.

‘40 ಲಕ್ಷದವರೆಗೆ ಏನೂ ತೊಂದರೆ ಇಲ್ಲವಂತೆ’ ಎಂಬ ಮಾತು ಎಲ್ಲ ವರ್ತಕರ ಬಾಯಲ್ಲಿತ್ತು. ಅದು ಅರ್ಧ ನಿಜ. 2019ರ ಏಪ್ರಿಲ್‌ನಿಂದ ಬಂದ ಆ ವಾರ್ಷಿಕ ವಹಿವಾಟಿನ ನೋಂದಣಿ ಮಿತಿ ಸರಕನ್ನು ಮಾತ್ರ ಮಾರುವವರಿಗೆ. ಸೇವೆಯೂ ಸೇರಿದರೆ ಮಿತಿ 20 ಲಕ್ಷ. ಅಂಗಡಿಯ ಮೂಲೆಯಲ್ಲಿ ಟೀ ಕಾಯಿಸಿ ಕೊಟ್ಟರೆ ಕಾನೂನಿನ ಕಣ್ಣಲ್ಲಿ ಅದು ಹೋಟೆಲ್ ಸೇವೆ. ರೀಚಾರ್ಜ್ ಕಮಿಷನ್ ಕೂಡ ಸೇವೆಯ ಆದಾಯ. ಐಸ್‌ಕ್ರೀಂ, ಬೀಡಿ, ಸಿಗರೇಟು ಮಾರುವವರಿಗೂ 40 ಲಕ್ಷದ ರಿಯಾಯಿತಿ ಇಲ್ಲ. ವರ್ಷಕ್ಕೆ 20 ಲಕ್ಷ ಎಂದರೆ ದಿನಕ್ಕೆ ಐದೂವರೆ ಸಾವಿರಕ್ಕೂ ಕಡಿಮೆ. ಬೆಂಗಳೂರಿನ ಬಸ್ ಸ್ಟಾಪ್ ಹತ್ತಿರದ ಯಾವ ಟೀ ಅಂಗಡಿ ಅಷ್ಟು ವ್ಯಾಪಾರ ಮಾಡುವುದಿಲ್ಲ?

ಮಿತಿ ದಾಟಿದವರು ತೆರಿಗೆ ಕಟ್ಟಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಗಿರಾಕಿ ಕೊಟ್ಟ ತೆರಿಗೆ ರಸ್ತೆಗೆ, ಶಾಲೆಗೆ, ನನ್ನಂಥವರ ಸ್ಕಾಲರ್‌ಶಿಪ್ಪಿಗೆ ಹೋಗಬೇಕಾದ ಹಣ. ‘ಇನ್ನು ಮೇಲೆ ಕ್ಯಾಶಿನಲ್ಲೇ ವ್ಯಾಪಾರ ಮಾಡಿ’ ಎಂದು ಕರೆ ಕೊಟ್ಟ ಮುಖಂಡರು ವರ್ತಕರಿಗೆ ಉಪಕಾರ ಮಾಡಲಿಲ್ಲ. ನಗದಿನಲ್ಲಿ ತೆಗೆದುಕೊಂಡರೂ ವಹಿವಾಟು ವಹಿವಾಟೇ. ಮೇಲಾಗಿ ಪಕ್ಕದ ಅಂಗಡಿಯ ಅಣ್ಣ ಕ್ಯೂಆರ್ ಬೋರ್ಡು ಇಳಿಸಿದ ದಿನಗಳಲ್ಲಿ ನಮ್ಮ ಪಿ.ಜಿ.ಯ ಹುಡುಗಿಯರು ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ಗಳ ಕಡೆ ಹೋದರು. ಅವರಲ್ಲಿ ಅನೇಕರು ವಾಪಸ್ ಬಂದಿಲ್ಲ. ನೋಟಿಸ್ ಬಾರದಿದ್ದರೂ ಆ ಅಂಗಡಿಗೆ ಆದ ನಷ್ಟ ನಿಜವಾದದ್ದು.

ಇನ್ನೊಂದು ಮುಖ್ಯ ಸಂಗತಿ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟಿರುವ ವರ್ತಕರಿಗೆ ಕಾಂಪೊಸಿಷನ್ ಎಂದು ಕರೆಯುವ ರಾಜಿ ತೆರಿಗೆ ಪದ್ಧತಿ ಇದೆ. ಸರಕಿಗೊಂದು ದರದ ಬದಲು ಒಂದೇ ಕಡಿಮೆ ದರ: ಅಂಗಡಿಗೆ ಶೇ 1, ಹೋಟೆಲಿಗೆ ಶೇ 5. ಉದಾಹರಣೆಗೆ ವರ್ಷಕ್ಕೆ 60 ಲಕ್ಷ ಮಾರಾಟ ಇದ್ದು, ಅದರಲ್ಲಿ 35 ಲಕ್ಷ ಹಾಲು, ಹಣ್ಣು, ತರಕಾರಿಯಂಥ ತೆರಿಗೆ ಇಲ್ಲದ ಸರಕಾದರೆ, ಉಳಿದ 25 ಲಕ್ಷಕ್ಕೆ ಶೇ 1ರಂತೆ ಕಟ್ಟಬೇಕಾದ್ದು ವರ್ಷಕ್ಕೆ 25 ಸಾವಿರ. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೊಂದು ರಿಟರ್ನ್ (ಇಲಾಖೆಗೆ ಕೊಡುವ ಲೆಕ್ಕದ ವಿವರ). ಆದರೆ ಇದನ್ನು ಮೊದಲೇ ಆರಿಸಿಕೊಳ್ಳಬೇಕು, ಹಿಂದಿನ ವರ್ಷಗಳಿಗೆ ಈಗ ಬೇಕು ಎಂದರೆ ಸಿಗುವುದಿಲ್ಲ. ನೋಂದಣಿ ಇಲ್ಲದೆ ಸಿಕ್ಕಿಬಿದ್ದವರಿಗೆ ಪೂರ್ತಿ ದರ, ಮೇಲೆ ಬಡ್ಡಿ, ದಂಡ. ಎಷ್ಟೋ ಅಂಗಡಿಗಳ ಮಟ್ಟಿಗೆ ಕೆಲವು ಸಾವಿರಕ್ಕೂ ಹಲವು ಲಕ್ಷಕ್ಕೂ ನಡುವೆ ಇದ್ದದ್ದು, ಸಮಯಕ್ಕೆ ಸರಿಯಾಗಿ ಯಾರೋ ಕೂತು ಹೇಳಿದರೇ ಇಲ್ಲವೇ ಎಂಬುದಷ್ಟೇ.

ಇದನ್ನು ಹೇಳಬಲ್ಲ ನಾವು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆವು ಎಂಬುದನ್ನು ಈಗ ತಮ್ಮ ಮುಂದೆ ಇಡಬೇಕು. ಎಂಬಿಎ ಪಠ್ಯಕ್ರಮದಲ್ಲಿ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್ ಕಡ್ಡಾಯ. ಕಂಪನಿಯೊಂದರಲ್ಲಿ ಕೆಲವು ವಾರ ಕೆಲಸ ಮಾಡಿ, ಅಧ್ಯಯನ ನಡೆಸಿ, ವರದಿ ಕೊಡಬೇಕು. ಉದ್ದೇಶ ಒಳ್ಳೆಯದೇ. ಆದರೆ ಹೆಸರಾಂತ ಸಂಸ್ಥೆಗಳನ್ನು ಬಿಟ್ಟರೆ ಉಳಿದ ಕಾಲೇಜುಗಳ ವಿದ್ಯಾರ್ಥಿಗಳನ್ನು ಯಾವ ಕಂಪನಿ ಒಳಗೆ ಬಿಟ್ಟುಕೊಳ್ಳುತ್ತದೆ? ನಾನು ಕಂಡದ್ದನ್ನು ಹೇಳುತ್ತೇನೆ. ಕಾಲೇಜುಗಳ ಹತ್ತಿರದ ಬೈಂಡಿಂಗ್ ಅಂಗಡಿಗಳಲ್ಲಿ ಸಿದ್ಧ ವರದಿಗಳು ಸಿಗುತ್ತವೆ. ಹೋದ ವರ್ಷದ ವರದಿಯಲ್ಲಿ ಕಂಪನಿಯ ಹೆಸರು ಬದಲಿಸಿ, ನೂರು ಜನ ಗ್ರಾಹಕರ ಸಮೀಕ್ಷೆಯ ಅಂಕಿಗಳನ್ನು ಕೂತಲ್ಲೇ ತುಂಬಿಸಿ, ಬಣ್ಣದ ಚಾರ್ಟು ಹಾಕಿ, ಚಿನ್ನದ ಅಕ್ಷರದ ರಟ್ಟು ಕಟ್ಟಿ ಕೊಡುತ್ತಾರೆ. ಲೆಟರ್‌ಹೆಡ್ಡಿನ ಮೇಲೆ ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಪ್ರಮಾಣಪತ್ರಕ್ಕೂ ದುಡ್ಡಿದೆ. ಬೇಡವೆಂದು ಪ್ರಾಮಾಣಿಕವಾಗಿ ಕಂಪನಿ ಹುಡುಕಿ ಹೋದ ಗೆಳತಿಯರಲ್ಲಿ ಕೆಲವರಿಗೆ ಸಿಕ್ಕ ‘ಇಂಟರ್ನ್‌ಶಿಪ್’ ಎಂದರೆ ದಿನವಿಡೀ ಫೋನ್ ಮಾಡಿ ಜನರಿಂದ ಷೇರು ವ್ಯವಹಾರದ ಡಿಮ್ಯಾಟ್ ಖಾತೆ ತೆರೆಸುವುದು, ಟಾರ್ಗೆಟ್ ಮುಟ್ಟದಿದ್ದರೆ ಸರ್ಟಿಫಿಕೇಟ್ ಇಲ್ಲ. ಅಧ್ಯಾಪಕರಿಗೆ ಇದೆಲ್ಲ ತಿಳಿಯದ್ದಲ್ಲ. ಒಬ್ಬೊಬ್ಬರ ಕೈಗೆ ಅಷ್ಟೊಂದು ವಿದ್ಯಾರ್ಥಿಗಳನ್ನು ಕೊಟ್ಟಾಗ ಅವರೂ ರಟ್ಟು ತೆರೆದು ಸಹಿ ಹಾಕುವುದಕ್ಕಿಂತ ಹೆಚ್ಚು ಮಾಡಲಾರರು. ಯಾವ ಕಾಲೇಜಿನ ಹೆಸರನ್ನೂ ನಾನು ಹೇಳುತ್ತಿಲ್ಲ. ಇದು ಒಂದು ಕಾಲೇಜಿನ ದೋಷವಾಗಿದ್ದರೆ ಸಚಿವರಿಗೆ ಬರೆಯಬೇಕಾಗಿಯೇ ಇರಲಿಲ್ಲ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಂದಾಗ ನಮಗೂ ಆಸೆ ಹುಟ್ಟಿತ್ತು. ದೇಶದ 500 ದೊಡ್ಡ ಕಂಪನಿಗಳು, ತಿಂಗಳಿಗೆ 5 ಸಾವಿರ ರೂಪಾಯಿ. ನಿಯಮ ಓದಿದರೆ ಪೂರ್ಣಾವಧಿ ಓದುತ್ತಿರುವವರಿಗೂ ಎಂಬಿಎ ಆದವರಿಗೂ ಅದರಲ್ಲಿ ಜಾಗ ಇರಲಿಲ್ಲ. ನಮ್ಮ ದಾರಿ ನಾವೇ ನೋಡಿಕೊಳ್ಳಬೇಕು.

ದಾರಿ ಇಲ್ಲೇ ಇದೆ ಎಂಬುದೇ ನನ್ನ ಅಹವಾಲು. ಬೇರೆ ವಿದ್ಯಾಶಾಖೆಗಳು ಇದನ್ನು ಎಂದೋ ಕಂಡುಕೊಂಡಿವೆ. ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ವಾಸವಿದ್ದು ರೈತರ ಹೊಲದಲ್ಲಿ ಕಾರ್ಯಾನುಭವ ಪಡೆಯುತ್ತಾರೆ, ಅದಕ್ಕೆ ಅಂಕವಿದೆ. ಕಾನೂನು ಕಾಲೇಜುಗಳಲ್ಲಿ ಉಚಿತ ಕಾನೂನು ನೆರವು ಕೇಂದ್ರಗಳಿವೆ. ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಓದುವವರು ವಾರದಲ್ಲಿ ನಿಗದಿತ ದಿನ ಕ್ಷೇತ್ರಕಾರ್ಯಕ್ಕೆ ಹೋಗಲೇಬೇಕು. ಎಂಬಿಬಿಎಸ್ ವಿದ್ಯಾರ್ಥಿಗಳು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡುವ ಕಾರ್ಯಕ್ರಮ ಇದೆ. ವ್ಯಾಪಾರ ಕಲಿಯುವ ನಾವು ಮಾತ್ರ ನಮ್ಮೂರ ವ್ಯಾಪಾರಿಯ ಮುಖ ನೋಡದೆಯೇ ಪದವಿ ಪಡೆದು ಹೊರಗೆ ಬರುತ್ತೇವೆ.

ಆದ್ದರಿಂದ ಕೇಳಿಕೊಳ್ಳುವುದೇನೆಂದರೆ, ಎಂಬಿಎ ಮತ್ತು ಎಂ.ಕಾಂ. ಪ್ರಾಜೆಕ್ಟಿಗೆ ‘ಸಣ್ಣ ವರ್ತಕರ ನೆರವು’ ಎಂಬ ಒಂದು ಆಯ್ಕೆಯನ್ನು ಸೇರಿಸಿ. ಕಡ್ಡಾಯ ಬೇಡ. ಬೇಕಾದವರು ಆರಿಸಿಕೊಳ್ಳಲಿ, ಅದಕ್ಕೆ ಕಂಪನಿ ಪ್ರಾಜೆಕ್ಟಿನಷ್ಟೇ ಕ್ರೆಡಿಟ್ ಇರಲಿ. ಒಬ್ಬ ವಿದ್ಯಾರ್ಥಿ ತನ್ನ ಬೀದಿಯಲ್ಲೋ ಊರಿನಲ್ಲೋ ಇರುವ ಕೆಲವು ಅಂಗಡಿಗಳ ಜೊತೆ ಒಂದು ಸೆಮಿಸ್ಟರ್ ಕೆಲಸ ಮಾಡಲಿ: ದಿನದ ನಗದು ಪುಸ್ತಕ ಬರೆಯುವುದು, ದಾಸ್ತಾನು ಲೆಕ್ಕ, ತೆರಿಗೆ ಇರುವ ಮತ್ತು ಇಲ್ಲದ ಸರಕನ್ನು ಬೇರ್ಪಡಿಸುವುದು, ಮನೆ ಖಾತೆಯನ್ನೂ ಅಂಗಡಿ ಖಾತೆಯನ್ನೂ ಬೇರೆ ಮಾಡಿಸುವುದು, ನೋಂದಣಿ ಬೇಕೇ ಬೇಡವೇ ಎಂದು ತಿಳಿಸುವುದು. ಲೆಟರ್‌ಹೆಡ್ ಇಲ್ಲದ ಅಂಗಡಿಯನ್ನೂ ಪ್ರಾಜೆಕ್ಟ್ ಸಂಸ್ಥೆಯೆಂದು ಒಪ್ಪುವಂತೆ ನಿಯಮ ತಿದ್ದಬೇಕು. ಈಗ ಅದೇ ಮೊದಲ ಅಡ್ಡಿ. ವರದಿಯನ್ನು ಕನ್ನಡದಲ್ಲಿ ಬರೆಯಲು ಅನುಮತಿ ಕೊಡಿ. ಅಂಗಡಿಯವರೇ ಅದನ್ನು ಓದಿ, ಹೌದು ಇದು ನಮ್ಮ ಲೆಕ್ಕ ಎಂದು ಹೇಳುವಂತಾದರೆ ಬೈಂಡಿಂಗ್ ಅಂಗಡಿಯ ವರದಿಗೆ ಅಲ್ಲಿ ಜಾಗವಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಕಾಂ. ಓದಿ ಬಂದು, ತರಗತಿಯ ಇಂಗ್ಲಿಷ್ ಪ್ರೆಸೆಂಟೇಶನ್‌ನಲ್ಲಿ ಹಿಂದಿನ ಬೆಂಚಿಗೆ ಸರಿದ ನನ್ನಂಥ ಎಷ್ಟೋ ಜನ ಈ ಕೆಲಸದಲ್ಲಿ ಮುಂದೆ ಇರುತ್ತಾರೆ ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಓದುತ್ತಿರುವ ಹುಡುಗ ಹುಡುಗಿಯರು ತಪ್ಪು ಸಲಹೆ ಕೊಟ್ಟರೆ ಗತಿಯೇನು ಎಂದು ತಾವು ಕೇಳಬಹುದು. ಆ ಭಯ ನ್ಯಾಯವಾದದ್ದೇ. ಅದಕ್ಕೆ ಕಟ್ಟುಪಾಡು ಬೇಕು. ವಿದ್ಯಾರ್ಥಿ ಯಾವ ರಿಟರ್ನನ್ನೂ ಸಲ್ಲಿಸಬಾರದು, ಯಾರ ಪಾಸ್‌ವರ್ಡನ್ನೂ ಒಟಿಪಿಯನ್ನೂ ಕೇಳಬಾರದು, ನೋಟಿಸಿಗೆ ಉತ್ತರ ಬರೆಯಬಾರದು. ಪ್ರತಿ ಕಾಲೇಜಿಗೂ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಜಿಎಸ್‌ಟಿ ಪ್ರಾಕ್ಟೀಷನರ್ (ವರ್ತಕರ ಪರವಾಗಿ ಜಿಎಸ್‌ಟಿ ಕೆಲಸ ಮಾಡಿಕೊಡಲು ನೋಂದಾಯಿತರಾದವರು) ಮೇಲ್ವಿಚಾರಕರಾಗಿರಲಿ. ಅಂಗಡಿಯ ಅಂಕಿ ಅಂಶಗಳು ವರದಿಯಲ್ಲಿ ಹೆಸರಿಲ್ಲದೆ ಬರಲಿ, ಅಲ್ಲಿಂದ ಯಾವ ಇಲಾಖೆಗೂ ಹೋಗದಿರಲಿ. ಈ ಕೊನೆಯ ಮಾತಿಗೆ ಲಿಖಿತ ಭರವಸೆ ಇಲ್ಲದಿದ್ದರೆ ಯಾವ ವರ್ತಕರೂ ನಮ್ಮನ್ನು ಒಳಗೆ ಕೂರಿಸುವುದಿಲ್ಲ, ಕೂರಿಸಬೇಕು ಎಂದು ನಾವೂ ಕೇಳುವುದಿಲ್ಲ. ಜುಲೈನ ಗದ್ದಲದ ನಡುವೆ ವಾಣಿಜ್ಯ ತೆರಿಗೆ ಇಲಾಖೆಯೇ ‘ಜಿಎಸ್‌ಟಿ ತಿಳಿಯಿರಿ’ ಎಂಬ ಅಭಿಯಾನ ಶುರು ಮಾಡಿತು. ಅದರ ಅಧಿಕಾರಿಗಳು ಕಾಲೇಜಿಗೆ ಬಂದು ನಮಗೆ ತರಬೇತಿ ಕೊಡುವಂತೆ ತಾವು ಆ ಇಲಾಖೆಯೊಂದಿಗೆ ಮಾತನಾಡಬಹುದು.

ಕಂಪನಿ ಕೆಲಸದ ಕನಸು ಕಟ್ಟಿಕೊಂಡು ಲಕ್ಷಗಟ್ಟಲೆ ಫೀಸು ಕಟ್ಟಿದವರಿಗೆ ಕಿರಾಣಿ ಅಂಗಡಿಯ ಪ್ರಾಜೆಕ್ಟಿನಿಂದ ಏನು ಪ್ರಯೋಜನ ಎಂಬ ಮಾತನ್ನು ನನ್ನ ಸಹಪಾಠಿಗಳೇ ಹೇಳಿದ್ದಾರೆ. ಸಾಬೂನು, ಬಿಸ್ಕತ್ತಿನ ಕಂಪನಿಗಳೂ ಸಣ್ಣ ಉದ್ದಿಮೆಗೆ ಸಾಲ ಕೊಡುವ ಬ್ಯಾಂಕುಗಳೂ ಇಂಥ ಅಂಗಡಿಗಳ ಮೇಲೆಯೇ ನಿಂತಿವೆ. ಸಂದರ್ಶನದಲ್ಲಿ ನಿಜವಾದ ಅಂಗಡಿಯ ನಿಜವಾದ ಲೆಕ್ಕದ ಬಗ್ಗೆ ಮಾತನಾಡುವವರಿಗೆ, ಓದದೇ ಇದ್ದ ವರದಿಯ ಬಗ್ಗೆ ತಡವರಿಸುವವರಿಗಿಂತ ಹೆಚ್ಚಿನ ಬೆಲೆ ಸಿಗುತ್ತದೆ. ಇನ್ನೂ ಒಂದು ವಿಷಯ ಬಹಳ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ: ವಾಣಿಜ್ಯ ಅಥವಾ ವ್ಯವಹಾರ ನಿರ್ವಹಣೆಯಲ್ಲಿ ಪದವಿ ಪಡೆದವರು ಹೆಸರು ನೋಂದಾಯಿಸಿ, ಪರೀಕ್ಷೆ ಪಾಸಾಗಿ ಜಿಎಸ್‌ಟಿ ಪ್ರಾಕ್ಟೀಷನರ್ ಆಗಬಹುದು. ಅರಸೀಕೆರೆಯಲ್ಲೋ ಚನ್ನರಾಯಪಟ್ಟಣದಲ್ಲೋ ಒಂದು ಚಿಕ್ಕ ಕಚೇರಿ ತೆರೆದು ಅಲ್ಲಿನ ವರ್ತಕರಿಗೆ ನೆರವಾಗಿ ಮರ್ಯಾದೆಯಿಂದ ಬದುಕಬಹುದು. ಎಂಬಿಎ ಆದವರೆಲ್ಲ ಬೆಂಗಳೂರಿನಲ್ಲೇ ಪಿ.ಜಿ. ಹಿಡಿದು ಸಂದರ್ಶನಗಳಿಗೆ ಅಲೆಯಬೇಕಾಗಿಲ್ಲ.

ಈಗಲೇ ಯಾಕೆ ಎಂದರೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾಗಿವೆ. ಶೇ 12 ಮತ್ತು ಶೇ 28ರ ಹಂತಗಳನ್ನು ತೆಗೆದಿದ್ದಾರೆ. ಬಿಸ್ಕತ್ತು, ಕೇಕು, ಸಾಬೂನು, ಟೂತ್‌ಪೇಸ್ಟು ಶೇ 18ರಿಂದ 5ಕ್ಕೆ ಇಳಿದಿವೆ. ಹಳೆಯ ಬೆಲೆ ಅಚ್ಚಾದ ಪ್ಯಾಕೆಟ್ ಹಿಡಿದು ಗಿರಾಕಿ ‘ಕಡಿಮೆ ಮಾಡಿ’ ಎಂದರೆ ಅಂಗಡಿಯವರಿಗೆ ಏನು ಹೇಳಬೇಕೋ ತಿಳಿಯದ ಸ್ಥಿತಿ ಬಂತು. ನವೆಂಬರ್ 1ರಿಂದ ತೊಡಕಿಲ್ಲದ ಸಣ್ಣ ಅರ್ಜಿದಾರರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸರಳ ವ್ಯವಸ್ಥೆಯೂ ಬಂದಿದೆ. ಹಳೆಯ ಬಾಕಿಯ ಭಯ ಸದ್ಯಕ್ಕೆ ಹಿಂದೆ ಸರಿದಿದೆ. ಸಣ್ಣ ವರ್ತಕರು ಲೆಕ್ಕ ಸರಿಮಾಡಿಕೊಳ್ಳಲು ಇದಕ್ಕಿಂತ ಅನುಕೂಲದ ಕಾಲ ಬರುವುದು ಕಷ್ಟ. ಅತ್ತ ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿದೆ. ಪಠ್ಯಕ್ರಮದ ಬಗ್ಗೆ ತಾವು ಹೇಗೂ ಕೂತು ಯೋಚಿಸಬೇಕಾದ ವರ್ಷ ಇದು.

ನಮ್ಮ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟಿಗೆ ಮಾರ್ಗದರ್ಶಕರನ್ನು ಹಂಚುವ ಕೆಲಸ ಇನ್ನು ಕೆಲವೇ ವಾರಗಳಲ್ಲಿ ಶುರುವಾಗುತ್ತದೆ. ರಾಜ್ಯದಾದ್ಯಂತ ಒಮ್ಮೆಗೇ ಆಗದಿದ್ದರೆ ಒಂದು ವಿಶ್ವವಿದ್ಯಾಲಯದಲ್ಲಿ, ಒಂದೆರಡು ಜಿಲ್ಲೆಗಳಲ್ಲಿ ಈ ಬಾರಿ ಪ್ರಯೋಗವಾಗಿ ನಡೆಸಿ ನೋಡಬಹುದು. ಅದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಅಂಗಡಿಯನ್ನೂ ಪ್ರಾಜೆಕ್ಟ್ ಸಂಸ್ಥೆಯಾಗಿ ಪರಿಗಣಿಸಬಹುದು, ವರದಿ ಕನ್ನಡದಲ್ಲಿ ಇರಬಹುದು ಎಂಬ ಎರಡು ಸಾಲಿನ ಸುತ್ತೋಲೆ ಹಂಚಿಕೆಗೆ ಮೊದಲು ಕಾಲೇಜುಗಳಿಗೆ ತಲುಪಿದರೆ, ನಾನು ಮತ್ತು ನನ್ನ ತರಗತಿಯ ಕೆಲವರು ಹೆಸರು ಕೊಡಲು ಸಿದ್ಧರಿದ್ದೇವೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಎಂಬಿಎ ದ್ವಿತೀಯ ವರ್ಷದ ವಿದ್ಯಾರ್ಥಿನಿ
ಬೆಂಗಳೂರು, ನವೆಂಬರ್ 2025